ಎಡಗೈ ಬ್ರೇಕು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನ ಕೆಲಸ ಹಗುರ. ದೊಡ್ಡಬಳ್ಳಾಪುರದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹದಿನಾರು ವರ್ಷದಿಂದ ಚೆಕಿಂಗ್ ಟೇಬಲ್ಲಿನಲ್ಲಿದ್ದೇನೆ. ಹೊಲಿದು ಬಂದ ಶರ್ಟನ್ನು ಒಳಗಿನಿಂದ ಹೊರಗೆ ತಿರುಗಿಸಿ, ಎಲ್ಲಿ ಹೊಲಿಗೆ ಬಿಟ್ಟಿದೆ, ಯಾವ ಗುಂಡಿ ಸಡಿಲ, ಎಲ್ಲಿ ದಾರ ನೇತಾಡುತ್ತಿದೆ ಎಂದು ಹುಡುಕಿ ಕೆಂಪು ಸ್ಟಿಕ್ಕರ್ ಅಂಟಿಸುವುದು ನನ್ನ ಕೆಲಸ. ದಿನವಿಡೀ ಬೇರೆಯವರ ತಪ್ಪು ಹುಡುಕಿದರೆ ತಿಂಗಳ ಕೊನೆಗೆ ಸಂಬಳ ಕೊಡುತ್ತಾರೆ. ಆ ಕಣ್ಣನ್ನು ಗೇಟಿನಲ್ಲಿ ಬಿಟ್ಟು ಬರಲು ಆಗುವುದಿಲ್ಲ. ಮನೆಯಲ್ಲಿ ಮಡಿಸಿಟ್ಟ ಟವೆಲ್ಲನ್ನೂ ಬಿಚ್ಚಿ ಮತ್ತೆ ಮಡಿಸುತ್ತೇನೆ ಎಂದು ನಮ್ಮ ಯಜಮಾನರು ಬಂದವರಿಗೆಲ್ಲ ಹೇಳಿಕೊಂಡು ನಗುತ್ತಾರೆ.

ಸೈಕಲ್ಲಿನ ಆಸೆ ಹುಟ್ಟಿದ್ದು ಮಾಕಳಿದುರ್ಗದ ದಾರಿಯಲ್ಲಿ. ಒಂದು ಭಾನುವಾರ ಸ್ಕೂಟಿ ನಿಲ್ಲಿಸಿ ಟೀ ಕುಡಿಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ನನ್ನದೇ ವಯಸ್ಸಿನ, ನಲವತ್ತು ದಾಟಿದ ಹೆಂಗಸೊಬ್ಬರು ಕೂತು ಬನ್ನು ತಿನ್ನುತ್ತಿದ್ದರು. ಮಂಡಿಯವರೆಗೆ ಕೆಮ್ಮಣ್ಣು. ಎದುರಿಗೆ ದಪ್ಪ ಟೈರಿನ ಗೇರ್ ಸೈಕಲ್ಲು ಗೋಡೆಗೆ ಒರಗಿತ್ತು. ಎಲ್ಲಿಂದ ಬಂದಿರಿ ಎಂದು ಕೇಳಿದೆ. ಬೆಟ್ಟದ ಹಿಂದಿನ ಮಣ್ಣುದಾರಿಯಲ್ಲಿ ಇಳಿದುಕೊಂಡು ಬಂದೆ ಎಂದರು, ಮಾರ್ಕೆಟ್ಟಿಗೆ ಹೋಗಿ ಬಂದೆ ಅನ್ನುವಷ್ಟು ಸಲೀಸಾಗಿ. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆ ಉರಿಯಿತು. ಮೈಮೇಲೆ ಅಷ್ಟು ಮಣ್ಣು ಮಾಡಿಕೊಂಡು, ಯಾರಿಗೂ ಉತ್ತರ ಹೇಳದೆ, ಒಬ್ಬಳೇ ಕೂತು ಬನ್ನು ತಿಂದು ನನಗೆ ಎಷ್ಟು ವರ್ಷವಾಗಿತ್ತೋ.

ಮನೆಗೆ ಬಂದು ಹೇಳಿದೆ. ಯಜಮಾನರು ಟಿವಿಯಿಂದ ಕಣ್ಣು ತೆಗೆಯದೆ, "ಸ್ಕೂಟಿ ಐತಲ್ಲ, ತುಳಿಯೋ ಗ್ರಹಚಾರ ಯಾಕೆ ನಿಂಗೆ?" ಅಂದರು.

"ತುಳಿಯೋಕೇ ಬೇಕಾಗಿರೋದು," ಅಂದೆ.

ಇಷ್ಟೇ ಆಗಿದ್ದರೆ ಬೆಂಗಳೂರಿನ ಯಾವುದಾದರೂ ಅಂಗಡಿಗೆ ಹೋಗಿ ತರುತ್ತಿದ್ದೆ, ಕಥೆ ಮುಗಿಯುತ್ತಿತ್ತು. ಆದರೆ ನಮ್ಮ ಅಣ್ಣನದು ಊರಿನಲ್ಲೇ ಸೈಕಲ್ ಶಾಪು. ಮೂವತ್ತು ವರ್ಷದಿಂದ ಅದೇ ಜಾಗದಲ್ಲಿ ಕೂತು ರಿಪೇರಿ ಮಾಡಿದವನು. ಚಕ್ರವನ್ನು ಒಮ್ಮೆ ತಿರುಗಿಸಿ ಕಿವಿ ಕೊಟ್ಟರೆ ಸಾಕು, ಯಾವ ಕಡ್ಡಿ ಸಡಿಲ ಎಂದು ಹೇಳುತ್ತಿದ್ದ. ಹೋದ ವರ್ಷ ಅವನಿಗೆ ಲಕ್ವ ಹೊಡೆಯಿತು. ದೇವರ ದಯೆ, ಬೇಗ ಆಸ್ಪತ್ರೆಗೆ ಸೇರಿಸಿದ್ದರಿಂದ ಕಾಲು ಬಂತು, ಮಾತು ಬಂತು. ಎಡಗೈಯ ಎರಡು ಬೆರಳು ಮಾತ್ರ ಪೂರ್ತಿ ಬರಲಿಲ್ಲ. ಜೊತೆಗೆ ಆಗಾಗ ಮರೆವು. ಬೆಳಗ್ಗೆ ತಿಂಡಿ ಏನು ತಿಂದೆ ಎಂದರೆ ಒಂದು ಗಳಿಗೆ ಯೋಚಿಸುತ್ತಿದ್ದ.

ಮತ್ತೆ ಅಂಗಡಿ ತೆರೆದ ಎರಡನೇ ತಿಂಗಳಲ್ಲಿ ಹೈಸ್ಕೂಲು ಹುಡುಗಿಯೊಬ್ಬಳ ಸೈಕಲ್ಲಿನ ಮುಂದಿನ ಚಕ್ರ ನಡುರಸ್ತೆಯಲ್ಲಿ ಕಳಚಿಕೊಂಡಿತು. ಅವನೇ ಹಾಕಿದ್ದ ಚಕ್ರ, ನಟ್ಟು ಬಿಗಿಯಾಗಿರಲಿಲ್ಲ. ಮಂಡಿ ತರಚಿದ್ದು ಬಿಟ್ಟರೆ ಅವಳಿಗೆ ಏನೂ ಆಗಲಿಲ್ಲ. ಅಣ್ಣನಿಗೆ ಆಯಿತು. ಅವನ ಕೈ ಹೋಯ್ತು ಕಣ್ರೀ ಎಂದು ಒಬ್ಬರು ಅಂದರು, ಹತ್ತು ಜನ ಅಂದರು, ಅಂಗಡಿಯ ಮುಂದೆ ಸೈಕಲ್ಲು ನಿಲ್ಲುವುದೇ ಕಡಿಮೆಯಾಯಿತು.

ನನ್ನ ಆಸೆ ಅತ್ತಿಗೆಯ ಕಿವಿಗೆ ಹೇಗೆ ಬಿತ್ತೋ, ಸಂಜೆ ಹೊತ್ತಿಗೆ ಸರಿಯಾಗಿ ಮನೆಗೆ ಬಂದರು. ಕಾಫಿ ಬೇಡ ಎಂದರು. ಸೆರಗನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದು ಕೊನೆಗೆ ಹೇಳಿದರು: "ನೋಡಮ್ಮ, ನೀನು ಸೈಕಲ್ ತಗೊಳ್ಳೋದಾದ್ರೆ ಅವರ ಕೈಲೇ ಮಾಡಿಸ್ಕೋ. ಒಡಹುಟ್ಟಿದ ತಂಗೀನೇ ಬೇರೆ ಕಡೆ ಹೋದ್ರೆ ಊರೋರು ಏನಂದ್ಕೊಂತಾರೆ ಹೇಳು. ನೀನು ಅವರು ಕಟ್ಟಿದ ಗಾಡೀಲಿ ಬೆಟ್ಟ ಇಳಿದು ಬಂದೆ ಅಂದ್ರೆ ಎಲ್ಲಾರ ಬಾಯಿ ಮುಚ್ಚುತ್ತೆ."

ಆಯ್ತು ಅತ್ತಿಗೆ ಎಂದೆ. ಅವರು ಹೋದ ಮೇಲೆ ಲೆಕ್ಕ ಹಾಕಿದೆ. ಇಳಿಜಾರಿನಲ್ಲಿ ಹೋಗುವುದು ನನ್ನ ಕತ್ತು. ಅದನ್ನು ಒಂದು ಸಡಿಲ ನಟ್ಟಿನ ಮೇಲೆ ಇಡಬೇಕು, ಇಲ್ಲದಿದ್ದರೆ ಅಣ್ಣನ ಅನ್ನಕ್ಕೆ ಕಲ್ಲು ಹಾಕಬೇಕು.

ಮುಂದಿನ ಭಾನುವಾರ ಅಣ್ಣನೂ ನಾನೂ ಯಲಹಂಕದ ಕಡೆಯ ಒಂದು ದೊಡ್ಡ ಸೈಕಲ್ ಶೋರೂಮಿಗೆ ಬಸ್ಸಿನಲ್ಲಿ ಹೋದೆವು. ಅಣ್ಣನ ಅಂಗಡಿಯಲ್ಲಿ ಗೇರ್ ಸೈಕಲ್ಲಿನ ಸ್ಟಾಕ್ ಇರಲಿಲ್ಲ. ನನ್ನ ಕೈಯಲ್ಲಿದ್ದದ್ದು ಹದಿನೈದು ಸಾವಿರ. ಒಳಗೆ ಕಾಲಿಟ್ಟರೆ ಲಕ್ಷದ ಸೈಕಲ್ಲುಗಳೇ ಎದುರಿಗೆ. ಸೇಲ್ಸ್‌ಮನ್ ನಮ್ಮ ಚಪ್ಪಲಿ ನೋಡಿ ನೇರವಾಗಿ ಕೊನೆಯ ಸಾಲಿಗೆ ಕರೆದುಕೊಂಡು ಹೋದ.

ಕಿತ್ತಳೆ ಬಣ್ಣದ ಒಂದನ್ನು ಎಳೆದ. ಮುಂದೆಯೂ ಶಾಕ್ ಅಬ್ಸಾರ್ಬರ್, ಹಿಂದೆಯೂ ಶಾಕ್, ಮೈತುಂಬ ಸ್ಟಿಕ್ಕರು. ನನ್ನ ಕಣ್ಣು ಅಲ್ಲೇ ಅಂಟಿಕೊಂಡಿತು.

"ಹಿಂದಿನ ಶಾಕ್ ಬೇಡ ಅಮ್ಮಣ್ಣಿ," ಅಂದ ಅಣ್ಣ. ಚಿಕ್ಕಂದಿನಿಂದ ಅವನು ನನ್ನನ್ನು ಕರೆಯುವುದು ಹಾಗೆ. "ಈ ದುಡ್ಡಿಗೆ ಬರೋ ಹಿಂದಿನ ಶಾಕು ಬರೀ ಸ್ಪ್ರಿಂಗು. ತುಳಿದ ಶಕ್ತಿಯೆಲ್ಲಾ ಅದೇ ನುಂಗಾಕ್ತದೆ. ಏರಲ್ಲಿ ಭಾರ, ಇಳಿಜಾರಲ್ಲಿ ಕುಣಿತ."

"ಹಂಗಾದ್ರೆ ಗೇರ್ ಜಾಸ್ತಿ ಇರೋದು ತಗೊಳ್ಳಣ?"

"ಇಪ್ಪತ್ತೊಂದು ಗೇರ್ ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀಯಾ? ಏಳೆಂಟು ಸಾಕು. ಫ್ರೇಮು ನಿನ್ನ ಅಳತೆಗೆ ಇರ್ಬೇಕು, ಟೈರ್ ಅಗಲ ಇರ್ಬೇಕು, ಬ್ರೇಕ್ ಹಿಡೀಬೇಕು. ಮಿಕ್ಕಿದ್ದು ಬಣ್ಣ."

ನನ್ನನ್ನು ಒಂದೊಂದರ ಮೇಲೂ ನಿಲ್ಲಿಸಿದ. ಎರಡೂ ಕಾಲು ನೆಲಕ್ಕೆ ಊರಿ ನಿಂತಾಗ ಫ್ರೇಮಿನ ಮೇಲಿನ ದಂಡಕ್ಕೂ ನನಗೂ ನಡುವೆ ಮೂರು ಬೆರಳು ಜಾಗ ಇರಬೇಕಂತೆ. ಸೇಲ್ಸ್‌ಮನ್ ಸುಮ್ಮನಾಗಿ ಅಣ್ಣನ ಮಾತನ್ನೇ ಕೇಳತೊಡಗಿದ. ನನಗೆ ಒಳಗೊಳಗೇ ಹೆಮ್ಮೆ. ತಲೆ ಸರಿಯಾಗೇ ಇದೆಯಲ್ಲ, ನಾನು ಸುಮ್ಮನೆ ಹೆದರಿದೆ ಅಂದುಕೊಂಡೆ.

ಅಷ್ಟರಲ್ಲಿ ಬೂದು ಬಣ್ಣದ ಒಂದು ಸೈಕಲ್ಲು ಅವನಿಗೆ ಹಿಡಿಸಿತು. ತೂಕ ನೋಡೋಣ ಎಂದು ಹ್ಯಾಂಡಲ್ಲನ್ನು ಎಡಗೈಯಲ್ಲಿ, ಸೀಟನ್ನು ಬಲಗೈಯಲ್ಲಿ ಹಿಡಿದು ಎತ್ತಿದ. ಎದೆಯ ಮಟ್ಟ ಬರುತ್ತಿದ್ದ ಹಾಗೆ ಎಡಗೈ ಬಿಟ್ಟುಕೊಂಡಿತು. ಹ್ಯಾಂಡಲ್ಲು ತಿರುಗಿ ಪಕ್ಕದ ಸೈಕಲ್ಲಿಗೆ ಹೊಡೆದು, ಅದು ಇನ್ನೊಂದಕ್ಕೆ ಬಿದ್ದು, ನಾಲ್ಕು ಸೈಕಲ್ಲುಗಳು ಸಾಲಾಗಿ ಮಲಗಿದವು. ಇಡೀ ಶೋರೂಮ್ ನಮ್ಮ ಕಡೆ ತಿರುಗಿತು. ಅಣ್ಣ ತನ್ನ ಕೈಯನ್ನೇ ನೋಡುತ್ತಾ ನಿಂತಿದ್ದ. ನಾನು ಹೋಗಿ ಅವನ ಪಕ್ಕ ನಿಲ್ಲಬೇಕಿತ್ತು. ನಾನು ಆ ಕಡೆ ತಿರುಗಿ ಬೆಲೆಯ ಚೀಟಿ ಓದುವ ನಾಟಕ ಮಾಡಿದೆ. ಅಣ್ಣನಿಗಾಗಿ ನಾಚಿಕೆಯಾದದ್ದಲ್ಲ, ಅವನ ತಂಗಿ ಅನ್ನಿಸಿಕೊಳ್ಳಲು ನಾಚಿಕೆಯಾಯಿತು. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಸೈಕಲ್ಲುಗಳಿಗೆ ಗೀರು ಕೂಡ ಬಿದ್ದಿರಲಿಲ್ಲ. ಬೂದು ಬಣ್ಣದ್ದನ್ನೇ ಗೊತ್ತು ಮಾಡಿದೆವು. ಹೊರದೇಶಕ್ಕೆಂದು ತಯಾರಾದ ಮಾಡೆಲ್ಲಂತೆ, ಅಲ್ಲಿಗೆ ಹೋಗದೆ ಉಳಿದ ಮಾಲು, ಅದಕ್ಕೇ ಕಮ್ಮಿಗೆ ಸಿಗುತ್ತಿದೆ ಎಂದ ಸೇಲ್ಸ್‌ಮನ್. "ಬಾಕ್ಸ್‌ನಲ್ಲಿ ಹೊಸ ಪೀಸ್ ಇದೆ. ನಾವೇ ಫಿಟ್ ಮಾಡಿ ಕೊಡ್ತೀವಿ ಮೇಡಂ. ಅರ್ಧ ಗಂಟೆ. ಫ್ರೀ," ಅಂದು ಅಣ್ಣನ ಕೈ ಕಡೆ ಒಮ್ಮೆ ನೋಡಿದ.

ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ.

"ಬೇಡ," ಅಂದೆ. "ನಮ್ಮಣ್ಣ ಮಾಡ್ತಾನೆ."

ವಾಪಸು ಬರುವಾಗ ಬಾಕ್ಸನ್ನು ಲಗೇಜ್ ಆಟೋಗೆ ಹಾಕಿಕೊಂಡು ಅದರ ಜೊತೆಗೇ ಕೂತೆವು. ಅಣ್ಣ ದಾರಿಯುದ್ದಕ್ಕೂ ಮಾತಾಡಿದ. ನಾನು ಹ್ಞೂ ಹ್ಞೂ ಎನ್ನುತ್ತಾ ಅವನ ಎಡಗೈ ನೋಡುತ್ತಿದ್ದೆ.

ಮಾರನೆಯ ದಿನ ರಜೆ ಹಾಕಿ ಬೆಳಗ್ಗೆಯೇ ಅಂಗಡಿಗೆ ಹೋದೆ. ಅಣ್ಣ ಅಂಗಡಿಯ ಮುಂದೆ ನೀರು ಚಿಮುಕಿಸಿ, ಗೋಣಿಚೀಲ ಹಾಸಿ, ಸ್ಪ್ಯಾನರುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟಿದ್ದ. ನಾನು ಸ್ಟೂಲು ಎಳೆದುಕೊಂಡು ಎದುರಿಗೇ ಕೂತೆ. ಕೂತದ್ದು ತಂಗಿ ಅಲ್ಲ, ಚೆಕಿಂಗ್ ಟೇಬಲ್ಲಿನವಳು. ಅವನು ಒಂದು ನಟ್ಟು ಬಿಗಿ ಮಾಡಿದರೆ ನಾನು ಕೈ ಹಾಕಿ ಅಲ್ಲಾಡಿಸಿ ನೋಡುತ್ತಿದ್ದೆ. ಮುಂದಿನ ಚಕ್ರ ಹಾಕಿದ ಮೇಲೆ ಮೂರು ಸಲ ನೋಡಿದೆ. ಅವನಿಗೆ ಬೇಜಾರಾಗುತ್ತಿತ್ತು, ಕಾಣುತ್ತಿತ್ತು. ಆದರೂ ನಗುತ್ತಲೇ, "ನೋಡ್ಕೋ ನೋಡ್ಕೋ, ಒಳ್ಳೇದೇ," ಅನ್ನುತ್ತಿದ್ದ.

ಪಂಪು ತೆಗೆದುಕೊಂಡು ಚಕ್ರಕ್ಕೆ ಗಾಳಿ ಹೊಡೆದುಕೊಂಡ ಹಾಲಿನವರೊಬ್ಬರು ಕ್ಯಾನು ಕೆಳಗಿಟ್ಟು ನೋಡುತ್ತಾ ನಿಂತಿದ್ದರು. ಅಣ್ಣ ಬಲಗಡೆಯ ಪೆಡಲ್ ಹಾಕಿದ. ಆಮೇಲೆ ಎಡಗಡೆಯದನ್ನು ತೂತಿಗೆ ಇಟ್ಟು ತಿರುಗಿಸತೊಡಗಿದ. ನಟ್ಟು ಬೋಲ್ಟು ಬಿಗಿ ಮಾಡುವ ದಿಕ್ಕಿಗಲ್ಲ, ಬಿಚ್ಚುವ ದಿಕ್ಕಿಗೆ.

"ಅಣ್ಣ, ಏನ್ಮಾಡ್ತಿದೀಯ? ಉಲ್ಟಾ ತಿರುಗಿಸ್ತಿದೀಯ," ಎಂದು ಕೂಗಿದೆ. ರಸ್ತೆಯ ಆಚೆಯವರೂ ತಿರುಗಿ ನೋಡಿದರು.

ಅಣ್ಣ ತಲೆಯೆತ್ತಿದ. ಹಾಲಿನವರು ಗೊಳ್ಳೆಂದು ನಕ್ಕುಬಿಟ್ಟರು. "ಎಡಗಡೆ ಪೆಡಲ್ಲಿಗೆ ಉಲ್ಟಾನೇ ಕಣಮ್ಮ. ಇಲ್ದಿದ್ರೆ ತುಳೀತಾ ತುಳೀತಾ ಬಿಚ್ಕೊಂಡು ಹೋಗ್ತದೆ. ಸೈಕಲ್ ಶಾಪಿನ ಮನೆ ಮಗಳಾಗಿ ಅಷ್ಟು ಗೊತ್ತಿಲ್ವಾ," ಅಂದರು. ನಗುತ್ತಲೇ ಕ್ಯಾನು ನೇತುಹಾಕಿಕೊಂಡು ಹೊರಟುಹೋದರು.

ನನಗೆ ಮೈಯೆಲ್ಲಾ ಉರಿದುಹೋಯಿತು. ಹದಿನಾರು ವರ್ಷದಲ್ಲಿ ನನ್ನ ಟೇಬಲ್ಲಿನಲ್ಲಿ ನನ್ನನ್ನು ನೋಡಿ ಹಾಗೆ ಯಾರೂ ನಕ್ಕಿರಲಿಲ್ಲ. ಅಣ್ಣ ನಗಲಿಲ್ಲ. ಅವನು ಹ್ಯಾಂಡಲ್ಲಿನ ಹತ್ತಿರ ಹೋಗಿ ಎಡಗಡೆಯ ಬ್ರೇಕನ್ನು ಒತ್ತಿ ಚಕ್ರ ನೋಡಿದ, ಬಲಗಡೆಯದನ್ನು ಒತ್ತಿ ನೋಡಿದ.

"ಅಮ್ಮಣ್ಣಿ, ಈ ಬ್ರೇಕೂ ಉಲ್ಟಾ ಮಾಡ್ಲಾ?" ಅಂದ.

ಉಲ್ಟಾ ಎಂಬ ಆ ಒಂದು ಪದ. ನನ್ನನ್ನು ಅಣಕಿಸುತ್ತಿದ್ದಾನೆ ಅಂದುಕೊಂಡೆ. ಹಾಲಿನವರು ನಕ್ಕದ್ದು ಸಾಲದು ಎಂದು ಇವನೂ ಶುರು ಮಾಡಿದ ಅನ್ನಿಸಿತು.

"ಏನೂ ಬೇಡ. ಕಂಪನಿಯವರು ಹೆಂಗೆ ಕಳಿಸವರೋ ಹಂಗೇ ಇರ್ಲಿ. ನೀನಾಗಿ ನೀನು ಅದ್ರಲ್ಲಿ ಏನೂ ಮುಟ್ಟೋಕೆ ಹೋಗ್ಬೇಡ."

"ಅಲ್ಲ ಕಣೇ, ನಮ್ಮ ಕಡೆ ಗಾಡಿಗಳೆಲ್ಲ—"

"ಬೇಡ ಅಂದ್ನಲ್ಲ ಅಣ್ಣ. ನಿನ್ನ ಕೈಗೆ ಇಷ್ಟು ಕೆಲಸ ಸಾಕು."

ಅವನು ಹ್ಯಾಂಡಲ್ಲಿನಿಂದ ಕೈ ತೆಗೆದು ಬಟ್ಟೆಯಲ್ಲಿ ಒರೆಸಿಕೊಂಡ. ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು.

ಸಂಜೆ ಅತ್ತಿಗೆ ಬಂದು ಸೈಕಲ್ಲಿಗೆ ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ನಾನು ಅದರ ಮೇಲೆ ಚಕ್ರ ಹತ್ತಿಸಿಕೊಂಡು ಹೋದೆ. ಅತ್ತಿಗೆಯ ಕಣ್ಣಲ್ಲಿ ನೀರಿತ್ತು.

ಮೂರು ವಾರ ಊರೊಳಗೇ ಓಡಿಸಿದೆ. ಕಾರ್ಖಾನೆಗೂ ಅದರಲ್ಲೇ ಹೋದೆ. ಸಮ ರಸ್ತೆ, ಬ್ರೇಕು ಮೆಲ್ಲಗೆ ಹಿಡಿದರೆ ಸಾಕಿತ್ತು, ಎಲ್ಲಾ ಸರಿಯಾಗಿತ್ತು. ಯಾರು ಕೇಳಿದರೂ ನಮ್ಮಣ್ಣ ಫಿಟ್ ಮಾಡಿದ್ದು ಅನ್ನುತ್ತಿದ್ದೆ. ಒಂದಿಬ್ಬರು ತಮ್ಮ ಮಕ್ಕಳ ಸೈಕಲ್ಲನ್ನು ಮತ್ತೆ ಅಣ್ಣನ ಅಂಗಡಿಗೆ ಒಯ್ದರು. ನಾಲ್ಕನೇ ಭಾನುವಾರ ಬೆಳಗ್ಗೆ ಹೆಲ್ಮೆಟ್ ಹಾಕಿಕೊಂಡು ಮಾಕಳಿದುರ್ಗದ ಕಡೆ ಹೊರಟೆ.

ಬೆಟ್ಟದ ಹಿಂದಿನ ಮಣ್ಣುದಾರಿ ಮೊದಲು ಏರು. ಇಳಿದು ತಳ್ಳಿಕೊಂಡು, ಮತ್ತೆ ಹತ್ತಿ ತುಳಿದು, ಏದುಸಿರು ಬಿಡುತ್ತಾ ನೆತ್ತಿ ಮುಟ್ಟಿದೆ. ಅಲ್ಲಿಂದ ಮುಂದೆ ಇಳಿಜಾರು. ಸಣ್ಣ ಕಲ್ಲು, ಸಡಿಲ ಮಣ್ಣು, ಎರಡೂ ಕಡೆ ಲಂಟಾನದ ಪೊದೆ. ವಾಪಸು ಹೋಗೋಣ ಅನ್ನಿಸಿತು. ಅತ್ತಿಗೆಗೆ ಏನು ಹೇಳುವುದು? ಬಿಟ್ಟೆ.

ಮೊದಲ ತಿರುವು ದಾಟಿದೆ. ಸೈಕಲ್ಲು ವೇಗ ಹಿಡಿಯಿತು. ಟೈರಿನ ಕೆಳಗೆ ಕಲ್ಲುಗಳು ಸಿಡಿಯುತ್ತಿದ್ದವು, ಹ್ಯಾಂಡಲ್ಲು ಕೈಯಲ್ಲಿ ಕುಣಿಯುತ್ತಿತ್ತು. ಎರಡನೇ ತಿರುವಿನಲ್ಲಿ ಪೊದೆಯ ಸಂದಿಯಿಂದ ಮೇಕೆಗಳು ದಾರಿಗೆ ನುಗ್ಗಿದವು. ಒಂದರ ಹಿಂದೆ ಒಂದು, ದಾರಿ ತುಂಬ.

ಹನ್ನೆರಡು ವರ್ಷ ಸ್ಕೂಟಿ ಓಡಿಸಿದ ಕೈ ನನ್ನದು. ಸ್ಕೂಟಿಯಲ್ಲಿ ಎಡಗೈ ಒತ್ತಿದರೆ ಹಿಂದಿನ ಚಕ್ರ ಹಿಡಿಯುತ್ತದೆ. ಹಿಂದಿನದನ್ನು ಎಷ್ಟು ಬಿಗಿಯಾಗಿ ಹಿಡಿದರೂ ಗಾಡಿ ಜಾರಬಹುದು, ಪಲ್ಟಿ ಹೊಡೆಯುವುದಿಲ್ಲ. ತಲೆ ಯೋಚಿಸುವುದರೊಳಗೆ ಎಡಗೈ ಪೂರ್ತಿ ಮುಚ್ಚಿತ್ತು. ಮುಂದಿನ ಚಕ್ರ ಗಕ್ಕನೆ ನಿಂತಿತು. ಹಿಂದಿನದು ಮೇಲೆದ್ದಿತು. ನಾನು ಹ್ಯಾಂಡಲ್ಲಿನ ಮೇಲಿಂದ ಹಾರಿ ಹೋಗಿ ಬಿದ್ದೆ. ಹೆಗಲಿನ ಹತ್ತಿರ ಲಟಕ್ ಎಂದು ಮುರಿದ ಶಬ್ದವನ್ನು ಕಿವಿಯಾರೆ ಕೇಳಿದೆ.

ಮೇಕೆ ಕಾಯುತ್ತಿದ್ದ ಅಜ್ಜಿ ಓಡಿ ಬಂದು ತಮ್ಮ ಸೆರಗಿನಲ್ಲೇ ನನ್ನ ಗದ್ದದ ರಕ್ತ ಒತ್ತಿ ಹಿಡಿದರು. ಮನೆಗೆ ಫೋನು ಮಾಡಿಸಿದರು. ಆಸ್ಪತ್ರೆಯಲ್ಲಿ ಗದ್ದಕ್ಕೆ ಐದು ಹೊಲಿಗೆ, ಹೆಗಲ ಮುಂದಿನ ಮೂಳೆ ಮುರಿದಿದೆ ಎಂದು ಕೈಯನ್ನು ಎದೆಗೆ ಕಟ್ಟಿದರು. ಯಜಮಾನರ ಗೆಳೆಯರೊಬ್ಬರು ಸೈಕಲ್ಲನ್ನು ಟೆಂಪೋದಲ್ಲಿ ತಂದು ಆಸ್ಪತ್ರೆಯ ಮುಂದೆಯೇ ಇಳಿಸಿ ಬ್ರೇಕು ಒತ್ತಿ ನೋಡಿದರಂತೆ. ಒಳಗೆ ಬಂದು, "ಎಡಗಡೆ ಒತ್ತಿದ್ರೆ ಮುಂದಿನ ಚಕ್ರ ಹಿಡೀತದೆ. ಉಲ್ಟಾ ಹಾಕವ್ನೆ," ಅಂದರು.

ಅಷ್ಟರಲ್ಲಿ ಅಣ್ಣ ಬಂದ. ಅಂಗಡಿಯ ಬಟ್ಟೆಯಲ್ಲೇ ಬಂದಿದ್ದ. ಯಜಮಾನರು ಸಾಮಾನ್ಯಕ್ಕೆ ಗಟ್ಟಿಯಾಗಿ ಮಾತಾಡುವವರಲ್ಲ. ಅವತ್ತು ವಾರ್ಡಿನವರೆಲ್ಲ ಕೇಳುವ ಹಾಗೆ ಹೇಳಿದರು. "ಏನ್ ಭಾವ, ಕೈಲಾಗಲ್ಲ ಅಂದ್ರೆ ಬಿಟ್ಬಿಡ್ಬೇಕು. ಜೀವ ತೆಗೀತಿದ್ರಲ್ಲ ಇವತ್ತು."

ಅಣ್ಣ ನನ್ನ ಮುಖ ನೋಡಿದ. ಕಟ್ಟಿದ ಕೈ ನೋಡಿದ. "ನಾನೇ ಹಾಕಿರ್ಬೇಕು," ಅಂದ. "ಜ್ಞಾಪಕ ಬರ್ತಿಲ್ಲ. ನಾನೇ ಉಲ್ಟಾ ಹಾಕಿರ್ಬೇಕು."

ನನಗೆ ಜ್ಞಾಪಕ ಬಂತು. ಅಕ್ಷರ ಅಕ್ಷರ ಬಂತು. ಕಂಪನಿಯವರು ಹೆಂಗೆ ಕಳಿಸವರೋ ಹಂಗೇ ಇರ್ಲಿ ಎಂದದ್ದು, ಅವನ ಮಾತನ್ನು ಅರ್ಧಕ್ಕೇ ಕತ್ತರಿಸಿದ್ದು. ಹೊರದೇಶಕ್ಕೆ ಮಾಡಿದ ಸೈಕಲ್ಲು, ಅಲ್ಲಿಯವರಿಗೆ ಎಡಗೈ ಬ್ರೇಕು ಮುಂದಿನದು. ಅದು ಬಂದದ್ದೇ ಹಾಗೆ. ಅವನು ಕಂಡುಹಿಡಿದಿದ್ದ. ನನ್ನ ಸ್ಕೂಟಿ ಕೈಗೆ ಸರಿಹೋಗುವ ಹಾಗೆ ಬದಲಾಯಿಸಲೇ ಎಂದು ಕೇಳಿದ್ದ. ಐದು ನಿಮಿಷದ ಕೆಲಸ.

ನಾನು ಬಾಯಿ ಬಿಡಲಿಲ್ಲ. ಗದ್ದದ ಹೊಲಿಗೆ ನೋಯುತ್ತಿದೆ ಎಂಬ ಹಾಗೆ ಕಣ್ಣು ಮುಚ್ಚಿಕೊಂಡೆ.

ಯಾಕೆ ಎಂದು ನನ್ನನ್ನು ನಾನೇ ಎಷ್ಟು ಸಲ ಕೇಳಿಕೊಂಡಿದ್ದೇನೋ. ಎಲ್ಲರೂ ನನ್ನನ್ನು ಅಯ್ಯೋ ಪಾಪ ಅನ್ನುತ್ತಿದ್ದರು, ಅದು ಹಿತವಾಗಿತ್ತು. ನಾಳೆ ಹೇಳಿದರಾಯಿತು ಅಂದುಕೊಂಡೆ. ನಾಳೆ ಬಂದಾಗ ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ ಅನ್ನಿಸಿತು. ಹಾಗೇ ಒಂದು ವಾರ, ಎರಡು ವಾರ. ಕಾರ್ಖಾನೆಯಿಂದ ನೋಡಲು ಬಂದವರು ಕೂಡ, "ಸ್ವಂತ ಅಣ್ಣನೇ ಉಲ್ಟಾ ಫಿಟ್ಟಿಂಗ್ ಮಾಡಿದ್ನಂತೆ," ಅಂದರು. ಊರಿನಲ್ಲಿ ಅಣ್ಣನಿಗೆ ಅದೇ ಹೆಸರಾಗಿತ್ತು. ನಾನು ಬಂದವರಿಗೆ ಕಾಫಿ ಕುಡೀರಿ ಎಂದೆ.

ಹದಿನಾರನೇ ದಿನ ಅತ್ತಿಗೆ ಬಂದರು. ಮೊದಲಿನ ಹಾಗೆ ಸೆರಗು ಸುತ್ತಲಿಲ್ಲ, ನೆಟ್ಟಗೆ ಕೂತರು.

"ಅಂಗಡಿ ಮೊಬೈಲ್ ಶಾಪಿನೋರಿಗೆ ಬಾಡಿಗೆಗೆ ಕೊಡ್ತಾರಂತೆ. ನಾಳೆ ಬೆಳಗ್ಗೆ ಅಳತೆ ಮಾಡೋಕೆ ಬರ್ತಾರೆ. ಕೈ ಹೋದ್ರೆ ಹೋಗ್ಲಿ, ಕೂತು ಹೇಳಿಕೊಡ್ತಿದ್ದೆ, ಈಗ ತಲೇನೂ ಹೋಯ್ತು, ಬ್ರೇಕ್ ಯಾವ ಕಡೆ ಹಾಕ್ದೆ ಅಂತಾನೂ ಗೊತ್ತಾಗ್ಲಿಲ್ಲ ಅಂತಾರೆ. ಊಟಕ್ಕೆ ಕೂತ್ರೂ ಅದೇ. ಎಡಗೈ ಒಂದ್ಸಲ ಮಡಚ್ತಾರೆ, ಬಲಗೈ ಒಂದ್ಸಲ ಮಡಚ್ತಾರೆ, ತಲೆ ಅಲ್ಲಾಡಿಸ್ತಾರೆ." ನನ್ನ ಕಡೆಗೆ ಬಾಗಿದರು. "ನೀನು ಪಕ್ಕದಲ್ಲೇ ಕೂತಿದ್ಯಲ್ಲಮ್ಮ ಅವತ್ತು. ಅವರು ಸರಿಯಾಗೇ ಇದ್ರಾ? ಏನಾದ್ರೂ ತಪ್ಪು ಮಾತಾಡಿದ್ರಾ? ಡಾಕ್ಟ್ರಿಗೆ ಹೇಳ್ಬೇಕು, ಅದಕ್ಕೆ ಕೇಳ್ತಿದೀನಿ."

ಬೈಯಲು ಬಂದವರಲ್ಲ. ಗಂಡನ ತಲೆ ಎಷ್ಟು ಹೋಗಿದೆ ಎಂದು ತಿಳಿದುಕೊಳ್ಳಲು ಬಂದವರು.

"ಸರಿಯಾಗಿ ಜ್ಞಾಪಕ ಇಲ್ಲ ಅತ್ತಿಗೆ," ಅಂದೆ.

ಅವರು ಎದ್ದು ಹೋದರು. ನಾನು ಕೂತಲ್ಲೇ ಕೂತಿದ್ದೆ. ಕಾರ್ಖಾನೆಯಲ್ಲಿ ತಪ್ಪು ಮುಚ್ಚಿಟ್ಟು ಪೀಸು ಪಾಸು ಮಾಡಿಸಿದ ಹುಡುಗಿಯರನ್ನು ಲೈನಿನ ನಡುವೆ ನಿಲ್ಲಿಸಿ ಬೈದವಳು ನಾನು. ಎಷ್ಟೋ ಜನ ಅತ್ತಿದ್ದಾರೆ. ಆ ಸಂಜೆ ಅನ್ನ ಇಳಿಯಲಿಲ್ಲ. ಯಜಮಾನರು ನೋವಾ ಎಂದು ಕೇಳಿದರು. ಹೌದು ಎಂದೆ.

ಬೆಳಗ್ಗೆ ಎದ್ದವಳೇ ಎದೆಗೆ ಕಟ್ಟಿದ ಕೈಯ ಮೇಲೇ ಸೆರಗು ಹೊದ್ದು ಆಟೋ ಹತ್ತಿದೆ. ದಾರಿಯಲ್ಲಿ ಹೇಳಬೇಕಾದ್ದನ್ನು ಹತ್ತು ರೀತಿ ಜೋಡಿಸಿದೆ. ಅವನು ನನ್ನ ಮುಖ ನೋಡದೆ ಒಳಗೆ ಹೋದರೆ? ಹೋಗಲಿ. ಹೋಗುವ ಹಕ್ಕು ಅವನಿಗಿತ್ತು.

ಅಂಗಡಿಯ ಮುಂದೆ ಬೈಕು ನಿಂತಿತ್ತು. ಒಳಗೆ ಇಬ್ಬರು ಟೇಪು ಹಿಡಿದು ಗೋಡೆ ಅಳೆಯುತ್ತಿದ್ದರು. ಅತ್ತಿಗೆ ಹಳೆಯ ಟ್ಯೂಬುಗಳನ್ನು ಚೀಲಕ್ಕೆ ತುಂಬುತ್ತಿದ್ದರು. ಅಣ್ಣ ಕೌಂಟರಿನ ಹಿಂದೆ ಕೂತಿದ್ದ. ಹದಿನೇಳು ದಿನದಲ್ಲಿ ಅವನಿಗೆ ಹತ್ತು ವರ್ಷ ಜಾಸ್ತಿಯಾಗಿತ್ತು. ನನ್ನನ್ನು ನೋಡಿ ಎದ್ದು ನಿಂತು, "ಯಾಕೆ ಬಂದೆ ಈ ಕೈ ಇಟ್ಕೊಂಡು? ಕೂತ್ಕೋ," ಎಂದು ಸ್ಟೂಲು ಮುಂದಕ್ಕೆ ತಳ್ಳಿದ.

ನಾನು ಕೂರಲಿಲ್ಲ. ಜೋಡಿಸಿಕೊಂಡ ಮಾತುಗಳೆಲ್ಲ ಹೋಗಿಬಿಟ್ಟಿದ್ದವು.

"ಅಣ್ಣ, ಬ್ರೇಕು ನೀನು ಉಲ್ಟಾ ಹಾಕಿರ್ಲಿಲ್ಲ. ಅದು ಬಂದಿದ್ದೇ ಹಂಗೆ. ಉಲ್ಟಾ ಮಾಡ್ಲಾ ಅಂತ ನೀನು ನನ್ನ ಕೇಳ್ದೆ. ನಾನೇ ಬೇಡ ಅಂದೆ. ನಿನ್ನ ಕೈಗೆ ಇಷ್ಟು ಕೆಲಸ ಸಾಕು ಅಂತ ಬಾಯಿಗೆ ಬಂದಂಗೆ ಅಂದೆ. ನಂಗೆ ಆಸ್ಪತ್ರೆಯಲ್ಲೇ ಜ್ಞಾಪಕ ಬಂದಿತ್ತು."

ಟೇಪು ಹಿಡಿದವರು ಕೈ ನಿಲ್ಲಿಸಿದರು. ಅತ್ತಿಗೆ ಬಗ್ಗಿದವರು ಹಾಗೇ ತಿರುಗಿ ನನ್ನನ್ನು ನೋಡಿದರು. ಆ ನೋಟವನ್ನು ನಾನು ಇವತ್ತಿಗೂ ಪೂರ್ತಿ ಎದುರಿಸಿಲ್ಲ. ನಾನು ಅಣ್ಣನ ಬೈಗುಳಕ್ಕೆ ಕಾದು ನಿಂತೆ. ಬೈದರೆ ಸಾಕು, ಕೆನ್ನೆಗೆ ಎರಡು ಬಿಟ್ಟರೂ ಸಾಕು ಅನ್ನಿಸುತ್ತಿತ್ತು.

ಅಣ್ಣ ಕೌಂಟರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ನಾನು ಕೇಳಿದ್ನಾ?"

"ಕೇಳ್ದೆ ಅಣ್ಣ."

"ನೀನು ಗಾಡಿ ತಗೊಂಡು ಹೋಗೋಕೆ ಮುಂಚೇನಾ?"

"ಅಲ್ಲೇ ಫಿಟ್ ಮಾಡ್ತಿದ್ದಾಗ್ಲೇ. ಎರಡೂ ಬ್ರೇಕು ಒತ್ತಿ ನೋಡಿ ಕೇಳ್ದೆ."

ನಾನು ಆಡಿದ ಮಾತು, ಹದಿನೇಳು ದಿನ ಬಾಯಿ ಮುಚ್ಚಿಕೊಂಡದ್ದು, ಅವು ಯಾವುವೂ ಅವನ ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ. ಅತ್ತಿಗೆಯ ಕಡೆ ತಿರುಗಿ, "ಕೇಳಿಸ್ಕೊಂಡ್ಯೇನೇ, ನಾನು ನೋಡಿದ್ನಂತೆ. ನೋಡಿ ಕೇಳಿದ್ನಂತೆ," ಅಂದ. ಆಮೇಲೆ ಸ್ಟೂಲನ್ನು ಎಳೆದು ತಾನೇ ಅದರ ಮೇಲೆ ಕೂತು, ನನ್ನ ನೋವಿಲ್ಲದ ಕೈಯನ್ನು ಹಿಡಿದುಕೊಂಡು, ಇನ್ನೊಂದು ಸಲ ಹೇಳು ಅಂದ.